ಕನ್ನಡ ಮಾಧ್ಯಮದಲ್ಲಿ ಬಿಎ ಓದಿದವಳು ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂಎ ಮಾಡಬಹುದಾ?

ಎಡದಂಡೆ_ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರು ತಾಲೂಕಿನವಳು. ಬಿಎ ಕೊನೆಯ ವರ್ಷದಲ್ಲಿದ್ದೇನೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಎಚ್‌ಇಪಿ ಅಂತಾರಲ್ಲ, ಅದು. ಒಂದನೇ ತರಗತಿಯಿಂದ ಇಲ್ಲಿಯವರೆಗೆ ಓದಿದ್ದೆಲ್ಲ ಕನ್ನಡದಲ್ಲೇ.

ಮುಂದೆ ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂಎ ಮಾಡಬೇಕು ಅಂತ ತುಂಬಾ ಆಸೆ ಇದೆ. ಯಾಕೆ ಅಂತ ಹೇಳಿದರೆ ನಿಮಗೂ ಉತ್ತರ ಕೊಡುವುದು ಸುಲಭ ಆಗಬಹುದು.

ನಮ್ಮ ತಾಲೂಕಿನಲ್ಲಿ ಆರ್‌ಎಚ್ ಕ್ಯಾಂಪ್‌ಗಳಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಅಲ್ಲಿ ಜಮೀನು ಕೊಟ್ಟು ಕೂರಿಸಿತು. ನನ್ನ ಹತ್ತಿರದ ಗೆಳತಿ ಆ ಕ್ಯಾಂಪಿನವಳು. ಮನೆಯಲ್ಲಿ ಬಂಗಾಳಿ, ಹೊರಗೆ ನಮ್ಮಂಗೇ ಕನ್ನಡ. ಅವಳ ಮನೆಗೆ ಹೋಗಿ ಹೋಗಿ ನನಗೂ ಬಂಗಾಳಿ ಅರ್ಥ ಆಗುತ್ತದೆ, ಒಂದಿಷ್ಟು ಮಾತಾಡಲೂ ಬರುತ್ತದೆ. ನಮ್ಮ ಪಠ್ಯದಲ್ಲಿ 1971ರ ಯುದ್ಧದ ಪಾಠದಲ್ಲಿ ನಿರಾಶ್ರಿತರ ಬಗ್ಗೆ ಒಂದೇ ಒಂದು ಸಾಲು ಇತ್ತು. ಅದನ್ನು ಓದುವಾಗ ನನಗೆ ಗೆಳತಿಯ ಅಜ್ಜನ ಮುಖವೇ ಕಂಡಿತು. ಚಿಕ್ಕವಳಿದ್ದಾಗ ನನ್ನ ಎರಡೂ ಕೈ ತುಂಬ ಮಂಡಾಳು ಕೊಡುತ್ತಿದ್ದ ಅಜ್ಜ ಅವರು. ಅವರು ಯಾಕೆ ಬಂದರು, ಯಾರು ತೀರ್ಮಾನ ಮಾಡಿದರು, ಇಷ್ಟು ದೂರದ ಸಿಂಧನೂರಿಗೇ ಯಾಕೆ ಕಳಿಸಿದರು ಅಂತ ತಿಳಿಯಬೇಕು ಅನಿಸಿತು. ಅಲ್ಲಿಂದ ಶುರುವಾದದ್ದು ಇದು.

ಈಗ ನನ್ನ ಕಷ್ಟ. ಇಂಗ್ಲಿಷ್ ಪೇಪರ್ ಓದುತ್ತೇನೆ, ಆದರೆ ಒಂದು ಲೇಖನಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಮಾತಾಡಲು ಬರುವುದಿಲ್ಲ. ಮನೆಯಲ್ಲಿ ಬಿಎಡ್ ಮಾಡು ಅಂತಾರೆ. ಅಪ್ಪಂದು ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ನಾಲ್ಕು ಎಕರೆ ಭತ್ತದ ಗದ್ದೆ. ನೀರು ಬಂದ ವರ್ಷ ದುಡ್ಡು, ಬರದ ವರ್ಷ ಸಾಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ನಮ್ಮ ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ವರ್ಷಕ್ಕೆ 40-50 ಸಾವಿರಕ್ಕಿಂತ ಜಾಸ್ತಿ ಕೊಡಲು ಅಪ್ಪನಿಂದ ಆಗುವುದಿಲ್ಲ. ಹಾಸ್ಟೆಲ್ ಸಿಕ್ಕರೆ ಹೋಗು ಅಂತ ಮಾತ್ರ ಹೇಳಿದ್ದಾರೆ.

ಕನ್ನಡ ಮಾಧ್ಯಮದವರು ಈ ವಿಷಯ ಓದಿ ಮೇಲೆ ಬಂದಿದ್ದಾರಾ? ಎಲ್ಲಿ ಓದಬೇಕು? ಅಥವಾ ಹತ್ತಿರದಲ್ಲೇ ರಾಜ್ಯಶಾಸ್ತ್ರ ಎಂಎ ಮಾಡಿಕೊಂಡು ಸುಮ್ನೆ ಇರುವುದು ಒಳ್ಳೆಯದಾ? ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ.


ಬೆಳಗಿನ_ಬಸ್ಸು:

ನನ್ನ ತಮ್ಮನಿಗೆ ಅರ್ಜಿ ಹಾಕಿಸಿದ ಅನುಭವದಲ್ಲಿ ಪರೀಕ್ಷೆಯ ವಿಷಯ ಹೇಳುತ್ತೇನೆ. ಉಳಿದದ್ದನ್ನು ಓದಿದವರು ಹೇಳಲಿ.

ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. 2022ರಿಂದ ಇದೆ, ಕೇಂದ್ರದ ಪರೀಕ್ಷಾ ಸಂಸ್ಥೆ ಎನ್‌ಟಿಎ ನಡೆಸುತ್ತದೆ. ಕಂಪ್ಯೂಟರ್ ಮುಂದೆ ಕೂತು 75 ಬಹು ಆಯ್ಕೆ ಪ್ರಶ್ನೆ. ಸರಿ ಇದ್ದರೆ 4 ಅಂಕ, ತಪ್ಪಾದರೆ 1 ಅಂಕ ಕಳೆಯುತ್ತಾರೆ. ರಾಜ್ಯಶಾಸ್ತ್ರದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ, ಕನ್ನಡದಲ್ಲಿ ಇಲ್ಲ. ಆದರೆ ಪ್ರಬಂಧ ಬರೆಯುವುದು ಇಲ್ಲ, ಗುರುತು ಹಾಕುವುದಷ್ಟೇ. ಹಾಗಾಗಿ ವಿಷಯ ಗೊತ್ತಿದ್ದರೆ ಭಾಷೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಕೊನೆಯ ವರ್ಷದಲ್ಲಿ ಇರುವವರೂ ಅರ್ಜಿ ಹಾಕಬಹುದು.

ಈ ಅಂಕದ ಮೇಲೆ ದೆಹಲಿಯ ಜೆಎನ್‌ಯುಗೆ ಹಾಕಬಹುದು. ಪುದುಚೇರಿ ವಿಶ್ವವಿದ್ಯಾಲಯಕ್ಕೂ ಹಾಕಬಹುದು. ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವನ್ನು ಮರೆಯಬೇಡಿ. ಅದು ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿದೆ. ಅಲ್ಲಿ ಅಂತರರಾಷ್ಟ್ರೀಯ ಸಂಬಂಧಗಳು ಮತ್ತು ರಾಜ್ಯಶಾಸ್ತ್ರ ಎರಡೂ ಸೇರಿದ ಎಂಎ ಇದೆ. ದೆಹಲಿಯಲ್ಲೇ ಸೌತ್ ಏಷ್ಯನ್ ಯೂನಿವರ್ಸಿಟಿ ಇದೆ. ದಕ್ಷಿಣ ಏಷ್ಯಾದ ದೇಶಗಳ ಕೂಟ ಸಾರ್ಕ್‌ನ ಎಂಟು ದೇಶಗಳು ಸೇರಿ ಮಾಡಿದ್ದು, 2010ರಲ್ಲಿ ಶುರುವಾಯಿತು. ಅಲ್ಲಿನ ಪ್ರವೇಶ ಪ್ರಕ್ರಿಯೆ ಬೇರೆ. ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದಲ್ಲೂ ಈ ವಿಷಯಕ್ಕೆ ಹಳೆಯ ವಿಭಾಗ ಇದೆ. ನಿಮಗೆ ಬಂಗಾಳಿ ಬರುವುದರಿಂದ ಅದನ್ನೂ ನೋಡಿ. ನಮ್ಮ ರಾಜ್ಯದಲ್ಲಿ ಮಣಿಪಾಲದಲ್ಲಿ ಇದೆ, ಆದರೆ ಅದು ಖಾಸಗಿ. ನೀವು ಹೇಳಿದ ದುಡ್ಡಿನಲ್ಲಿ ಆಗುವುದಿಲ್ಲ.


ಮುಂಡಗೋಡ_ಮೇಡಂ:

ತಂಗಿ ಅಂತಲೇ ಕರೆಯುತ್ತೇನೆ, ಬೇಸರ ಇಲ್ಲ ತಾನೆ? ನಿನ್ನ ಪ್ರಶ್ನೆ ಓದಿ ನಿನ್ನೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಹದಿನೈದು ವರ್ಷದ ಹಿಂದೆ ಇದನ್ನೇ ನಾನು ಯಾರಿಗಾದರೂ ಕೇಳಬೇಕಿತ್ತು. ಕೇಳಲು ಯಾರೂ ಇರಲಿಲ್ಲ.

ನಾನು ಮುಂಡಗೋಡ ತಾಲೂಕಿನ ಒಂದು ಹಳ್ಳಿಯವಳು. ನಿಮ್ಮಲ್ಲಿ ಆರ್‌ಎಚ್ ಕ್ಯಾಂಪ್ ಇದ್ದ ಹಾಗೆ ನಮ್ಮಲ್ಲಿ ಟಿಬೇಟಿಯನ್ ಕಾಲೊನಿ. 1966ರಲ್ಲಿ ನಿಜಲಿಂಗಪ್ಪನವರು ಮುಖ್ಯಮಂತ್ರಿ ಆಗಿದ್ದಾಗ ಆದದ್ದು. ಕಾಲೇಜಿನಲ್ಲಿ ನನ್ನ ಬೆಂಚಿನ ಪಕ್ಕ ಒಬ್ಬಳು ಟಿಬೆಟನ್ ಹುಡುಗಿ ಕೂರುತ್ತಿದ್ದಳು. ಅವಳು ಹುಟ್ಟಿದ್ದು ಇಲ್ಲೇ, ನಾನು ಹುಟ್ಟಿದ ತಾಲೂಕಿನಲ್ಲೇ. ನನಗಿಂತ ಚಂದ ಕನ್ನಡ ಬರೆಯುತ್ತಿದ್ದಳು. ಆದರೆ ಅವಳ ಹತ್ತಿರ ಒಂದು ಆರ್‌ಸಿ ಪುಸ್ತಕ ಇರುತ್ತಿತ್ತು. ವಿದೇಶಿಯರ ನೋಂದಣಿ ಪತ್ರ. ಅದನ್ನು ಆಗಾಗ ಹೋಗಿ ನವೀಕರಿಸಿಕೊಂಡು ಬರಬೇಕು. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬಳು ವಿದೇಶಿ ಹೇಗಾದಳು? ನನ್ನನ್ನು ಈ ವಿಷಯಕ್ಕೆ ತಂದದ್ದು ಆ ಪುಸ್ತಕ. ನಿನ್ನನ್ನು ತಂದದ್ದು ಮಂಡಾಳು ಕೊಟ್ಟ ಅಜ್ಜ.

ಇದನ್ನು ಮೊದಲು ಯಾಕೆ ಹೇಳಿದೆ ಅಂದರೆ, ನೀನು ನಿನ್ನ ಕೊರತೆಗಳ ಪಟ್ಟಿ ಕೊಟ್ಟಿದ್ದೀ, ನಿನ್ನ ಕೈಯಲ್ಲಿ ಇರುವುದನ್ನು ಲೆಕ್ಕಕ್ಕೇ ಹಿಡಿದಿಲ್ಲ. ದೆಹಲಿಯಲ್ಲಿ ನನ್ನ ಜೊತೆ ಓದಿದವರಲ್ಲಿ ಎಷ್ಟೋ ಜನರಿಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ಆದರೆ ಎರಡನೇ ವರ್ಷ ಬಂದರೂ ಯಾವುದರ ಮೇಲೆ ಬರೆಯಬೇಕು ಅಂತ ಗೊತ್ತಿರುತ್ತಿರಲಿಲ್ಲ. ಇಂಗ್ಲಿಷನ್ನು ವರ್ಷ, ಒಂದೂವರೆ ವರ್ಷದಲ್ಲಿ ಕಲಿಯಬಹುದು. ಸ್ವಂತ ಪ್ರಶ್ನೆಯನ್ನು ಯಾರೂ ಕಲಿಸಿಕೊಡುವುದಿಲ್ಲ. ಅದು ನಿನ್ನ ಹತ್ತಿರ ಆಗಲೇ ಇದೆ.

ಇನ್ನು ಕಷ್ಟದ ಮಾತು. ಮುಚ್ಚಿಡುವುದಿಲ್ಲ.

ನಾನು ಸೇರಿದ್ದು ದೆಹಲಿಯ ಒಂದು ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ. ಮೊದಲ ವಾರ ಮೇಷ್ಟ್ರು ಬ್ಯಾಲೆನ್ಸ್ ಆಫ್ ಪವರ್ ಬಗ್ಗೆ ಯಾರಾದರೂ ಹೇಳಿ ಅಂದರು. ನಾನು ತಲೆ ತಗ್ಗಿಸಿ ಕೂತೆ. ರಾತ್ರಿ ರೂಮಿಗೆ ಬಂದು ನೋಡಿದರೆ ಅದು ನಮ್ಮ ಶಕ್ತಿ ಸಮತೋಲನ! ಬಿಎ ಪರೀಕ್ಷೆಯಲ್ಲಿ ಅದರ ಮೇಲೆ ಹತ್ತು ಅಂಕದ ಉತ್ತರ ಬರೆದಿದ್ದೆ. ಗೊತ್ತಿದ್ದ ವಿಷಯವೇ ಎದುರಿಗೆ ಬಂದರೂ ಗುರುತು ಸಿಗಲಿಲ್ಲ. ಅವತ್ತು ತುಂಬಾ ಅತ್ತೆ. ಮರುದಿನ ಒಂದು ಉದ್ದ ನೋಟ್‌ಬುಕ್ ತಂದು ನಡುವೆ ಗೆರೆ ಎಳೆದೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಪದ. ಸಾವರಿನ್ಟಿ ಅಂದರೆ ಸಾರ್ವಭೌಮತ್ವ, ನಾನ್ ಅಲೈನ್‌ಮೆಂಟ್ ಅಂದರೆ ಅಲಿಪ್ತ ನೀತಿ, ಹೆಜೆಮನಿ ಅಂದರೆ ಯಜಮಾನಿಕೆ. ಮೂರು ತಿಂಗಳಲ್ಲಿ ಸುಮಾರು ನಾನೂರು ಪದ ಆಯಿತು. ನೀನು ಇದನ್ನು ಇವತ್ತೇ ಶುರು ಮಾಡಬಹುದು. ದೆಹಲಿಗೆ ಹೋಗುವವರೆಗೆ ಕಾಯಬೇಡ.

ಆ ನೋಟ್‌ಬುಕ್ಕಿನಿಂದ ಇನ್ನೊಂದು ಲಾಭ ಆಯಿತು. ಈ ವಿಷಯದಲ್ಲಿ ಮೊದಲು ಕಲಿಸುವ ಪದ ಅನಾರ್ಕಿ. ಕನ್ನಡದಲ್ಲಿ ಅರಾಜಕತೆ. ನಮಗೆ ಅರಾಜಕತೆ ಅಂದ ಕೂಡಲೇ ಗಲಾಟೆ, ಲೂಟಿ ಕಣ್ಣ ಮುಂದೆ ಬರುತ್ತದೆ. ಆದರೆ ಪದವನ್ನು ಬಿಡಿಸಿ ನೋಡು. ಅರಾಜಕ ಅಂದರೆ ರಾಜ ಇಲ್ಲದ್ದು. ಅಷ್ಟೇ. ದೇಶಗಳ ನಡುವೆ ಮೇಲೊಬ್ಬ ಯಜಮಾನ ಇಲ್ಲ ಅನ್ನುವುದೇ ಅದರ ಅರ್ಥ. ತರಗತಿಯಲ್ಲಿ ಎಲ್ಲರೂ ಗೊಂದಲ ಮಾಡಿಕೊಂಡ ಜಾಗದಲ್ಲಿ ನನಗೆ ಕನ್ನಡದಿಂದಲೇ ಬೆಳಕು ಬಿತ್ತು.

ನಿನಗೆ ಇದು ನನಗಿಂತ ಬೇಗ ಅರ್ಥ ಆಗುತ್ತದೆ, ಯಾಕಂದ್ರೆ ನೀನು ಕಾಲುವೆಯ ಕೊನೆಯವಳು. ಕೃಷ್ಣೆಯ ನೀರಿಗೆ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ಜಗಳ ಆಡಿದರೆ ನ್ಯಾಯಮಂಡಳಿ ಇದೆ. ಬಚಾವತ್ ಮಂಡಳಿ 1973ರಲ್ಲಿ ತೀರ್ಪು ಕೊಟ್ಟಿತು. ಅದರ ಮೇಲೆ ಎಷ್ಟೇ ಕೋಪ ಇರಲಿ, ಬಾಗಿಲು ತಟ್ಟಲು ಒಂದು ಮನೆ ಇದೆ. ಗಂಗೆಯ ನೀರಿಗೆ ಭಾರತ ಮತ್ತು ಬಾಂಗ್ಲಾದೇಶ ಜಗಳ ಆಡಿದರೆ? ಹೋಗಿ ತಟ್ಟಲು ಅಂಥ ಮನೆ ಇಲ್ಲ. ಇಬ್ಬರೇ ಕೂತು ಮಾತಾಡಿಕೊಳ್ಳಬೇಕು. ಅದರಲ್ಲಿ ಒಬ್ಬ ಮೇಲಿನ ಗದ್ದೆಯವನು, ಇನ್ನೊಬ್ಬ ಕೆಳಗಿನ ಗದ್ದೆಯವನು.

ಬಾಂಗ್ಲಾದೇಶದ ಗಡಿಯ ಹತ್ತಿರ ಗಂಗೆಗೆ ಅಡ್ಡಲಾಗಿ ಭಾರತ ಕಟ್ಟಿದ ಫರಕ್ಕಾ ಬ್ಯಾರೇಜ್ ಶುರುವಾದದ್ದು 1975ರಲ್ಲಿ. ಆಮೇಲೆ ಎರಡು ದಶಕ ಎಳೆದಾಟ. ಕೊನೆಗೆ 1996ರ ಡಿಸೆಂಬರ್ 12ರಂದು 30 ವರ್ಷದ ಒಪ್ಪಂದ ಆಯಿತು. ಬಾಂಗ್ಲಾದೇಶದ ಕಡೆಯಿಂದ ಸಹಿ ಹಾಕಿದವರು ಶೇಖ್ ಹಸೀನಾ. ನಮ್ಮ ಕಡೆಯಿಂದ ಯಾರು ಗೊತ್ತಾ? ಎಚ್.ಡಿ. ದೇವೇಗೌಡರು. ಹರದನಹಳ್ಳಿಯ ರೈತನ ಮಗ, ಜೀವನ ಪೂರ್ತಿ ನೀರಾವರಿ ನೀರಾವರಿ ಅಂದವರು, ಗಂಗೆಯ ನೀರು ಹಂಚಿಕೆಗೆ ಸಹಿ ಹಾಕಿದರು. ನನಗೆ ಇದು ಗೊತ್ತಾದದ್ದು ಎಂಎ ಎರಡನೇ ವರ್ಷದಲ್ಲಿ. ಹಾಸನದಿಂದ ಬಂದ ಗೆಳತಿಗೂ ಗೊತ್ತಿರಲಿಲ್ಲ. ನಮ್ಮ ಶಾಲೆ ಕಾಲೇಜುಗಳಲ್ಲಿ ಇದನ್ನು ಹೇಳಬೇಕು ಅಂತ ಈಗಲೂ ಅನಿಸುತ್ತದೆ. ನನ್ನ ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ.

ಆ ಒಪ್ಪಂದವನ್ನು ಓದು. ಜನವರಿ 1ರಿಂದ ಮೇ 31ರವರೆಗಿನ ಬೇಸಿಗೆ ನೀರಿನ ಹಂಚಿಕೆ ಅದು. ಹತ್ತು ಹತ್ತು ದಿನದ ಲೆಕ್ಕ. ಫರಕ್ಕಾದಲ್ಲಿ 70 ಸಾವಿರ ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅರ್ಧ ಅರ್ಧ. 70ರಿಂದ 75 ಸಾವಿರದ ನಡುವೆ ಇದ್ದರೆ ಬಾಂಗ್ಲಾದೇಶಕ್ಕೆ 35 ಸಾವಿರ, ಉಳಿದದ್ದು ನಮಗೆ. 75 ಸಾವಿರ ದಾಟಿದರೆ ನಮಗೆ 40 ಸಾವಿರ, ಉಳಿದದ್ದು ಅವರಿಗೆ. ಮಾರ್ಚ್ 11ರಿಂದ ಮೇ 10ರವರೆಗೆ ಒಂದು ಹತ್ತು ದಿನ ಒಂದು ದೇಶಕ್ಕೆ 35 ಸಾವಿರ ಖಾತರಿ, ಮುಂದಿನ ಹತ್ತು ದಿನ ಇನ್ನೊಂದು ದೇಶಕ್ಕೆ. ಕಾಲುವೆಗೆ ಸರದಿಯಲ್ಲಿ ನೀರು ಬಿಡುವುದನ್ನು ನೋಡಿ ಬೆಳೆದವಳಿಗೆ ಇದನ್ನು ಬೇರೆಯವರು ಬಿಡಿಸಿ ಹೇಳಬೇಕಾ?

ನೀರು 50 ಸಾವಿರಕ್ಕಿಂತ ಕೆಳಗೆ ಇಳಿದರೆ ಏನು ಮಾಡಬೇಕು? ಎರಡೂ ಸರ್ಕಾರ ತಕ್ಷಣ ಕೂತು ಮಾತಾಡಬೇಕು ಅಂತ ಬರೆದಿದ್ದಾರೆ. ಪುಸ್ತಕ ಓದಿದವರು ಈ ಸಾಲನ್ನು ಓದಿ ಮುಂದೆ ಹೋಗುತ್ತಾರೆ. ಕೊನೆ ಭಾಗದ ರೈತನ ಮಗಳು ಅಲ್ಲೇ ನಿಲ್ಲುತ್ತಾಳೆ. ಅವರು ಮಾತಾಡಿ ಮುಗಿಸುವಷ್ಟರಲ್ಲಿ ಕೆಳಗಿನವರ ಪೈರು ಏನಾಗಿರುತ್ತದೆ ಅಂತ ಕೇಳುತ್ತಾಳೆ. ಈ ಪ್ರಶ್ನೆಗೇ ತಂಗಿ, ಎಂಎ ಮಾಡುವುದು. 30 ವರ್ಷದ ಅವಧಿ 2026ರ ಡಿಸೆಂಬರ್‌ಗೆ ಮುಗಿಯುವ ಲೆಕ್ಕ. ನೀನು ತರಗತಿಯಲ್ಲಿ ಕೂರುವ ಹೊತ್ತಿಗೆ ಇದೇ ದೊಡ್ಡ ಚರ್ಚೆ.

ಬರೆಯುವುದರ ಬಗ್ಗೆ ಒಂದು ಮಾತು. ನನ್ನ ಮೊದಲ ಟರ್ಮ್ ಪೇಪರ್ ವಾಪಸ್ ಬಂದಾಗ ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲು ಇತ್ತು. ಇದರಲ್ಲಿ ನಿನ್ನ ವಾದ ಎಲ್ಲಿದೆ? ನಾನು ಬರೆದದ್ದು ನಮ್ಮ ಪರೀಕ್ಷೆಯ ಅಭ್ಯಾಸದಂತೆ. ಪೀಠಿಕೆ, ಅರ್ಥ, ವ್ಯಾಖ್ಯೆಗಳು, ಲಕ್ಷಣಗಳು, ಮಹತ್ವ, ಉಪಸಂಹಾರ. ಅಂಥ ಉತ್ತರಕ್ಕೆ ಇಲ್ಲಿ ಪೂರ್ತಿ ಅಂಕ ಕೊಡುತ್ತಾರೆ. ಅಲ್ಲಿ ಕೊಡುವುದಿಲ್ಲ. ನನ್ನ ತೊಂದರೆ ಇಂಗ್ಲಿಷ್ ಅಂತ ಅಷ್ಟು ದಿನ ಅಂದುಕೊಂಡಿದ್ದೆ. ನಿಜವಾದ ತೊಂದರೆ ಇದು. ಆಮೇಲೆ ಒಂದು ಕ್ರಮ ಮಾಡಿಕೊಂಡೆ. ಪೇಪರ್ ಶುರು ಮಾಡುವ ಮೊದಲು ನಾನು ಏನು ಹೇಳಬೇಕು ಅಂತ ಐದು ಸಾಲು ಕನ್ನಡದಲ್ಲಿ ಬರೆಯುತ್ತಿದ್ದೆ, ಊರಿನಲ್ಲಿ ಅಣ್ಣನಿಗೆ ಹೇಳುವ ಹಾಗೆ. ಆ ಐದು ಸಾಲು ಬರದಿದ್ದರೆ ಇನ್ನೂ ಓದಬೇಕು ಅಂತ ಅರ್ಥ. ಬಂದರೆ, ಇಂಗ್ಲಿಷ್ ಹೇಗೋ ಬರುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ 40 ಪುಟದ ಲೇಖನಕ್ಕೆ ಮೂರು ಸಂಜೆ ಬೇಕಿತ್ತು. ಮೂರನೇ ಸೆಮಿಸ್ಟರ್‌ಗೆ ಒಂದು ಸಂಜೆ ಸಾಕಾಯಿತು.

ದೆಹಲಿಯ ಚಳಿಯ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆಯ ಸ್ವೆಟರ್ ಸಾಲುವುದಿಲ್ಲ. ನನ್ನ ಟಿಬೆಟನ್ ಗೆಳತಿಯ ಅಮ್ಮ ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರುತ್ತಿದ್ದರು. ಹೊರಡುವ ಮುಂಚೆ ಒಂದು ದಪ್ಪ ಉಣ್ಣೆಯ ಕೋಟು ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಐದು ಚಳಿಗಾಲ ಅದನ್ನೇ ಹಾಕಿಕೊಂಡೆ.

ಎಲ್ಲಿ ಓದಬೇಕು ಅಂದರೆ, ನಿನ್ನ ಪ್ರಶ್ನೆಗೆ ಜೆಎನ್‌ಯು ಮತ್ತು ಸೌತ್ ಏಷ್ಯನ್ ಯೂನಿವರ್ಸಿಟಿ ಎರಡೂ ಸರಿ. ಜೆಎನ್‌ಯುನಲ್ಲಿ ಈ ವಿಷಯದ ಬೇರು ಹಳೆಯದು. 1955ರಲ್ಲಿ ದೆಹಲಿಯ ಸಪ್ರೂ ಹೌಸ್‌ನಲ್ಲಿ ಶುರುವಾದ ಇಂಡಿಯನ್ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ ಆಮೇಲೆ 1970ರಲ್ಲಿ ಜೆಎನ್‌ಯು ಜೊತೆ ಸೇರಿತು. ಬೋಧನಾ ಶುಲ್ಕ ತೀರಾ ಕಡಿಮೆ. ಮುಖ್ಯ ಖರ್ಚು ಮೆಸ್ ಬಿಲ್ಲು. ಕನ್ನಡ ಪೀಠವೂ ಇದೆ, ಮನಸ್ಸು ಭಾರ ಆದಾಗ ಕನ್ನಡ ಕೇಳಲು ಒಂದು ಜಾಗ. ಸೌತ್ ಏಷ್ಯನ್ ಯೂನಿವರ್ಸಿಟಿಯಲ್ಲಿ ಬಾಂಗ್ಲಾದೇಶ, ನೇಪಾಳದ ಹುಡುಗ ಹುಡುಗಿಯರು ನಿನ್ನ ಜೊತೆಗೇ ಕೂರುತ್ತಾರೆ. ಕೆಳಗಿನ ಗದ್ದೆಯವರ ಮಾತನ್ನು ನೇರವಾಗಿ ಕೇಳಬಹುದು. ಶುಲ್ಕ ಮಾತ್ರ ಜೆಎನ್‌ಯುಗಿಂತ ಜಾಸ್ತಿ. ಎರಡಕ್ಕೂ ಹಾಕು, ಕಾಸರಗೋಡಿಗೂ ಹಾಕು. ಜೊತೆಗೆ ಕಲಬುರಗಿಯ ರಾಜ್ಯಶಾಸ್ತ್ರ ಎಂಎಗೂ ಒಂದು ಅರ್ಜಿ ಇರಲಿ. ಅದು ಕೀಳು ಅಂತ ತಿಳಿಯಬೇಡ. ಅಲ್ಲಿ ಓದಿಯೂ ಗಂಗೆಯ ಒಪ್ಪಂದದ ಮೇಲೆ ಬರೆಯಬಹುದು.

ಕೆಲಸದ ಬಗ್ಗೆ ನಿನ್ನ ಮನೆಯವರು ಕೇಳುವುದರಲ್ಲಿ ತಪ್ಪಿಲ್ಲ. ನಾನು ಈಗ ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಎಂಎ ಆದ ಮೇಲೆ ಟಿಬೆಟನ್ ನಿರಾಶ್ರಿತರ ಮೇಲೆ ಎಂಫಿಲ್ ಮಾಡಿದೆ. ಎಂಫಿಲ್ ಈಗ ಇಲ್ಲ, ನೀವು ನೇರ ಪಿಎಚ್‌ಡಿಗೆ ಹೋಗಬೇಕು. ಎನ್‌ಇಟಿ ಅನ್ನುವ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನಾ ವೇತನ, ಸಿಕ್ಕಿ ಪಿಎಚ್‌ಡಿಗೆ ಸೇರಿದರೆ ತಿಂಗಳಿಗೆ 37 ಸಾವಿರ ಬರುತ್ತದೆ. ಅಪ್ಪನಿಗೆ ಈ ಲೆಕ್ಕ ಹೇಳು. ಎಚ್ಚರಿಕೆ ಒಂದಿದೆ. ನಮ್ಮ ರಾಜ್ಯದ ಪದವಿ ಕಾಲೇಜಿನ ಹುದ್ದೆಗಳು ರಾಜ್ಯಶಾಸ್ತ್ರ ಅನ್ನುವ ಹೆಸರಿನಲ್ಲಿ ಇರುತ್ತವೆ. ನನ್ನ ಒಬ್ಬ ಸ್ನೇಹಿತನ ಅಂಕಪಟ್ಟಿಯಲ್ಲಿ ಆ ಪದ ಇರಲಿಲ್ಲ. ದಾಖಲೆ ಪರಿಶೀಲನೆಯಲ್ಲಿ ಇದು ಯಾವ ವಿಷಯ ಅಂತ ಕೇಳಿ, ಸಮಾನ ಪದವಿ ಅಂತ ಪತ್ರ ತರಲು ಹೇಳಿದರು. ಆರು ತಿಂಗಳು ಅಲೆದ. ಹಾಗಾಗಿ ಸೇರುವ ಮುಂಚೆ ಪದವಿಯ ಪೂರ್ತಿ ಹೆಸರು ಏನು ಅಂತ ನೋಡಿಕೋ. ಹೆಸರಿನಲ್ಲೇ ಪಾಲಿಟಿಕ್ಸ್ ಅಥವಾ ರಾಜ್ಯಶಾಸ್ತ್ರ ಇದ್ದರೆ ತಲೆನೋವು ಕಡಿಮೆ.


ಐಚ್ಛಿಕ_2:

ಮೇಡಂ ಬರೆದದ್ದನ್ನು ಉಳಿಸಿಟ್ಟುಕೊಂಡೆ. ನಾನು ಯುಪಿಎಸ್‌ಸಿಗೆ ಓದುತ್ತಿರುವವನು. ಇಲ್ಲಿ ಯಾರೂ ಇನ್ನೂ ಆ ಮಾತು ಎತ್ತಿಲ್ಲ, ಆದರೆ ನಿಮ್ಮ ಸುತ್ತ ಯಾರಾದರೂ ಎತ್ತೇ ಎತ್ತುತ್ತಾರೆ. ಐಎಫ್‌ಎಸ್, ಅಂದರೆ ವಿದೇಶಾಂಗ ಸೇವೆಯ ಅಧಿಕಾರಿ, ಆಗಬೇಕಾದರೆ ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂಎ ಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಬೇಕಿಲ್ಲ. ಯಾವುದೇ ಪದವಿ ಸಾಕು. ಐಎಎಸ್‌ಗೆ ಇರುವ ಪರೀಕ್ಷೆಯೇ ಐಎಫ್‌ಎಸ್‌ಗೂ. ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು ಅಂತ ಐಚ್ಛಿಕ ವಿಷಯ ಇದೆ, ಎರಡನೇ ಪತ್ರಿಕೆಯಲ್ಲಿ ಭಾರತದ ವಿದೇಶಾಂಗ ನೀತಿ ಬರುತ್ತದೆ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು.

ಪರೀಕ್ಷೆಗೋಸ್ಕರ ಮಾತ್ರ ಎಂಎ ಸೇರಿದವರು ತರಗತಿಗೂ ಸರಿಯಾಗಿ ಹೋಗದೆ, ಪರೀಕ್ಷೆಗೂ ಪೂರ್ತಿ ಸಮಯ ಕೊಡದೆ ಒದ್ದಾಡುವುದನ್ನು ನೋಡಿದ್ದೇನೆ. ನನ್ನ ಎರಡು ವರ್ಷವೂ ಹಾಗೇ ಹೋಯಿತು. ನಿಮಗೆ ವಿಷಯದ ಮೇಲೆ ಪ್ರೀತಿ ಇದೆ. ಅದಕ್ಕಾಗಿಯೇ ಹೋಗಿ.


ಲೀಡ್ಸ್_ಕನ್ನಡಿಗ:

ಹೊರದೇಶದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಎಂಎ ಒಂದೇ ವರ್ಷ. ಆದರೆ ಸಾಲ ಮಾಡಿ ಬರಬೇಡಿ, ದಯವಿಟ್ಟು. ಇಲ್ಲಿ ಓದಿ ಕೆಲಸ ಸಿಗದೆ ಬಡ್ಡಿ ಕಟ್ಟುತ್ತಿರುವ ನಮ್ಮ ಹುಡುಗರನ್ನು ವಾರ ವಾರ ನೋಡುತ್ತೇನೆ. ಚೀವ್ನಿಂಗ್ ವಿದ್ಯಾರ್ಥಿವೇತನ ಪೂರ್ತಿ ಖರ್ಚು ಕೊಡುತ್ತದೆ, ಆದರೆ ಅದಕ್ಕೆ ಪದವಿ ಆದ ಮೇಲೆ ಕನಿಷ್ಠ 2,800 ಗಂಟೆ ಕೆಲಸ ಮಾಡಿದ ಅನುಭವ ಬೇಕು, ಅಂದರೆ ಸುಮಾರು ಎರಡು ವರ್ಷ. ಹಾಗಾಗಿ ಈಗ ಭಾರತದಲ್ಲೇ ಎಂಎ ಮುಗಿಸಿ, ಎರಡು ವರ್ಷ ಕೆಲಸ ಮಾಡಿ, ಆಮೇಲೆ ಬೇಕು ಅನಿಸಿದರೆ ಯೋಚಿಸಿ.


ಎಡದಂಡೆ_ಹುಡುಗಿ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಅಕ್ಕಾ, ನೀವು ಬರೆದದ್ದನ್ನು ಅಪ್ಪನ ಎದುರು ಕೂತು ಪೂರ್ತಿ ಓದಿ ಹೇಳಿದೆ. ದೇವೇಗೌಡರ ಹೆಸರು ಬಂದಾಗ ಅಪ್ಪ ಇನ್ನೊಂದು ಸಲ ಓದು ಅಂದರು. 50 ಸಾವಿರ ಕ್ಯೂಸೆಕ್ಕಿನ ಸಾಲು ಕೇಳಿ, ನಮ್ಮಲ್ಲೂ ಹಂಗೇ ಅಲ್ವಾ, ಮೀಟಿಂಗ್ ಮುಗಿಯೋದ್ರೊಳಗೆ ಬೆಳೆ ಒಣಗ್ತದೆ ಅಂದರು. ಬಿಎಡ್ ಮಾತು ಎರಡು ದಿನದಿಂದ ಬಂದಿಲ್ಲ.

ನೋಟ್‌ಬುಕ್ ತಂದಿದ್ದೇನೆ. 31 ಪದ ಆಗಿದೆ. ಅಜ್ಜನನ್ನು ಮಾತಾಡಿಸಬೇಕು ಅಂತಿದೆ. ಹೇಗೆ ಶುರು ಮಾಡಲಿ? ಅವರಿಗೆ ವಯಸ್ಸಾಗಿದೆ, ನೋವಿನ ವಿಷಯ ಕೇಳಿದರೆ ತಪ್ಪಾಗುತ್ತದಾ?


ಮುಂಡಗೋಡ_ಮೇಡಂ:

ಅಪ್ಪನಿಗೆ ನನ್ನ ನಮಸ್ಕಾರ ಹೇಳು. ಅವರು ಹೇಳಿದ ಆ ಮಾತನ್ನು ಬರೆದಿಟ್ಟುಕೋ, ಅವರದೇ ಮಾತಿನಲ್ಲಿ, ದಿನಾಂಕ ಹಾಕಿ.

ಅಜ್ಜನ ವಿಷಯ. ಮೊದಲ ದಿನ ನೋವಿನ ಬಗ್ಗೆ ಕೇಳಬೇಡ. ನಾನು ಈ ತಪ್ಪು ಮಾಡಿದ್ದೇನೆ. ಎಂಫಿಲ್ ಸಮಯದಲ್ಲಿ ಕಾಲೊನಿಯ ಒಬ್ಬ ಅಜ್ಜಿಯ ಮನೆಗೆ ಹೋದವಳೇ, ನೀವು 1959ರಲ್ಲಿ ಗಡಿ ದಾಟಿದ್ದು ಹೇಗೆ ಅಂತ ಕೇಳಿಬಿಟ್ಟೆ. ಅಜ್ಜಿ ಚಹಾ ಕೊಟ್ಟು ಸುಮ್ಮನೆ ಕೂತರು. ಆ ದಿನ ಅಷ್ಟೇ ಆಯಿತು. ಎರಡನೇ ಸಲ ಹೋದಾಗ ಮುಂಡಗೋಡಕ್ಕೆ ಬಂದ ಮೊದಲ ವರ್ಷ ಯಾವ ಬೆಳೆ ಹಾಕಿದಿರಿ ಅಂತ ಕೇಳಿದೆ. ಅಲ್ಲಿಂದ ಎರಡು ಗಂಟೆ ಮಾತಾಡಿದರು. ಕಾಡು, ಜ್ವರ, ಸೆಖೆ ಎಲ್ಲ ಬಂತು. ಕೊನೆಗೆ ಗಡಿಯೂ ತಾನಾಗಿ ಬಂತು.

ನೀನೂ ಗದ್ದೆಯಿಂದಲೇ ಶುರು ಮಾಡು. ಬಂಗಾಳಿಯಲ್ಲೇ ಮಾತಾಡು, ತಪ್ಪಾದರೂ ಪರವಾಗಿಲ್ಲ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುವುದಾದರೆ ಮೊದಲು ಕೇಳಿ, ಅವರು ಹೂಂ ಅಂದರೆ ಮಾತ್ರ. ಅವರ ಹೆಸರನ್ನು ಎಲ್ಲೂ ಬರೆದು ಹಾಕಬೇಡ, ಇಲ್ಲಿಯೂ ಬೇಡ. ಕಾಗದಪತ್ರದ ವಿಷಯ ಬಂದರೆ ಫೋಟೊ ತೆಗೆಯುವ ಆತುರ ಬೇಡ. ಪೌರತ್ವದ ಭಯದಲ್ಲಿ ವರ್ಷಗಟ್ಟಲೆ ಬದುಕಿದವರಿಗೆ ಕಾಗದ ಅಂದರೆ ಬೇರೆಯದೇ ಅರ್ಥ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ ಅನ್ನುವುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೋ. ನಮ್ಮಲ್ಲಿ ನಿರಾಶ್ರಿತರಿಗೆ ಅಂತಲೇ ಒಂದು ಪ್ರತ್ಯೇಕ ಕಾನೂನು ಇಲ್ಲ. ಒಂದೊಂದು ಗುಂಪಿಗೆ ಸರ್ಕಾರ ಒಂದೊಂದು ರೀತಿ ನಡೆದುಕೊಂಡಿದೆ. ನನ್ನ ಗೆಳತಿಗೆ ಆರ್‌ಸಿ ಪುಸ್ತಕ, ನಿನ್ನ ಗೆಳತಿಯ ಅಜ್ಜನಿಗೆ ಇನ್ನೇನೋ. ಆ ಇನ್ನೇನೋ ಏನು ಅಂತ ನನಗೂ ತಿಳಿಯಬೇಕು.

ಗಂಗೆಯ ಒಪ್ಪಂದ 12 ವಿಧಿಗಳದ್ದು, ಚಿಕ್ಕದು. ದಿನಕ್ಕೆ ಒಂದು ವಿಧಿ ಓದಿ, ಕನ್ನಡದಲ್ಲಿ ಎರಡು ಸಾಲು ಬರೆ. ಎರಡು ವಾರದಲ್ಲಿ ಮುಗಿಯುತ್ತದೆ. ಬರೆದದ್ದನ್ನು ಇಲ್ಲೇ ಹಾಕು, ನಾನು ನೋಡುತ್ತೇನೆ. ಸಿಯುಇಟಿ ಅರ್ಜಿಯ ದಿನಾಂಕವನ್ನು ಮಾತ್ರ ಎನ್‌ಟಿಎ ವೆಬ್‌ಸೈಟಿನಲ್ಲೇ ನೋಡು. ಸೈಬರ್ ಸೆಂಟರ್‌ನವರ ಮಾತು ನಂಬಿ ಕೊನೆಯ ದಿನದವರೆಗೆ ಕಾಯಬೇಡ.


ಎಡದಂಡೆ_ಹುಡುಗಿ:

ಅಕ್ಕಾ, ನಿನ್ನೆ ಭಾನುವಾರ ಹೋಗಿದ್ದೆ. ಮೊದಲ ವರ್ಷ ಏನು ಬೆಳೆದಿರಿ ಅಂತ ಕೇಳಿದೆ. ಜೋಳ ಅಂದರು. ಭತ್ತ ಬಿಟ್ಟು ಬೇರೆ ಏನೂ ಬೆಳೆದು ಗೊತ್ತಿಲ್ಲದವರಿಗೆ ಜೋಳ ಬಿತ್ತಲು ಕಲಿಸಿದ್ದು ಪಕ್ಕದ ಊರಿನ ಒಬ್ಬ ಗೌಡರಂತೆ. ರೊಟ್ಟಿ ತಟ್ಟಲು ಅಜ್ಜಿಗೆ ಒಂದು ವರ್ಷ ಹಿಡಿಯಿತಂತೆ. ನಾನು ಏನೂ ಕೇಳಲಿಲ್ಲ, ಅವರೇ ಒಳಗೆ ಹೋಗಿ ಟ್ರಂಕಿನಿಂದ ಹಳದಿ ಬಿದ್ದ ಒಂದು ಕಾರ್ಡು ತಂದು ತೋರಿಸಿದರು. ಫೋಟೊ ತೆಗೆಯಲಿಲ್ಲ. ಮುಂದಿನ ಭಾನುವಾರ ಮತ್ತೆ ಬಾ ಅಂದಿದ್ದಾರೆ.

ಒಂದನೇ ವಿಧಿಯ ಎರಡು ಸಾಲು ರಾತ್ರಿ ಹಾಕುತ್ತೇನೆ.